ಮೂರು ಪದರದ ಬಣ್ಣ

ಮೆರಿಡೆತ್ ಕೌಂಟಿ, ಒಹಾಯೊ
ಮಾರ್ಚ್ 6, 1987, ಶುಕ್ರವಾರ

ಡೆಲ್ಬರ್ಟ್,

ನೀನು ಮನೆ ಬಿಟ್ಟು ಎರಡು ವರ್ಷವಾಯಿತು. ಇಲ್ಲಿಯವರೆಗೆ ನಮ್ಮಿಬ್ಬರ ವಕೀಲರೇ ಪತ್ರ ಬರೆದುಕೊಂಡರು. ಇದನ್ನು ನಾನೇ ಬರೆಯಬೇಕು, ಬರೆಯುತ್ತಿದ್ದೇನೆ.

ಹೋದ ವಾರ ಯಾವುದೋ ಗಾಡಿ ಗುದ್ದಿ, ನಿಲ್ಲಿಸದೆ ಹೋಯಿತಲ್ಲ, ಆ ಮುದಿ ಕ್ಷೌರಿಕ ಆರ್ವಿಲ್ ಟೀಗ್ ಸತ್ತ. ಅವನ ಕೋಟು ನಮ್ಮ ಪೊಲೀಸ್ ಪ್ರಯೋಗಾಲಯಕ್ಕೆ ಬಂತು. ಪೂರಾ ಒದ್ದೆ. ಹಾಗೇ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿದು ಸಾಕ್ಷ್ಯವೇ ಹಾಳು. ಒಣಗಿಸುವ ಕಪಾಟಿನಲ್ಲಿ ತೂಗುಹಾಕಿ ಕೆಳಗೆ ಬಿಳಿ ಕಾಗದ ಹಾಸಿದೆ. ಬೆಳಿಗ್ಗೆ ಕಾಗದದ ಮೇಲೆ ಒಂದು ಹಸಿರು ಚಕ್ಕೆ ಬಿದ್ದಿತ್ತು, ಉಗುರಿನಷ್ಟೂ ಇಲ್ಲ. ಪೊಟ್ಟಣ ಕಟ್ಟಿ, ಟೇಪಿನ ಮೇಲೆ ಸಹಿ ಹಾಕಿ, ವೇಳೆ ಬರೆದು, ಬಣ್ಣ ಪರೀಕ್ಷಿಸುವ ಟ್ವೈಲಾಗೆ ಕೊಟ್ಟೆ.

ಬುಧವಾರ ಅವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಕೂಗಿದಳು. "ವರ್ನಾ, ಬಾರೇ ಇಲ್ಲಿ! ಕೇಕ್ ಕೊಯ್ದಂಗಿದೆ ನೋಡು. ಕೆಳಗೆ ಬಿಳಿ, ಮಧ್ಯ ಹಳದಿ, ಮೇಲೆ ಹಸಿರು. ಯಾವನೋ ಜಿಪುಣ ಟ್ರ್ಯಾಕ್ಟರ್ ಬಣ್ಣಾನೇ ಗಾಡಿಗೆ ಬಳ್ದಿದಾನೆ!"

"ಜಿಪುಣ ಅಲ್ಲ ಕಣೆ, ಸೋಮಾರಿ. ಹಳೇದನ್ನ ಉಜ್ಜಿ ತೆಗೀದೆ ಬಳ್ದಿದಾನೆ" ಅಂದೆ. ಅವಳು ನಕ್ಕಳು. ನನ್ನ ಮಾತು ನನಗೇ ಆಮೇಲೆ ಕೇಳಿಸಿತು.

ಆ ಹಳದಿಯನ್ನು ಆರಿಸಿದವಳು ನಾನೇ. ಅದರ ಮೇಲೆ ನೀನು ಹಸಿರು ಬಳಿಯುವಾಗ ನಿನ್ನ ಪಿಕಪ್‌ನ ಗಾಜಿಗೆಲ್ಲ ಹಳೇ ಪತ್ರಿಕೆ ಅಂಟಿಸಿಕೊಟ್ಟವಳೂ ನಾನೇ.

ಪೊಟ್ಟಣ ಮತ್ತೆ ನನ್ನ ಕೈಗೆ ಬಂತು. ಚಕ್ಕೆ ಹಾರಿ ಕಳೆದುಹೋಗಲು ಒಂದು ಸೀನು ಸಾಕಿತ್ತು. ಸೀನಲಿಲ್ಲ. ಅದನ್ನು ದೊಡ್ಡ ಗುಣ ಅಂತ ತಿಳಿಯಬೇಡ. ಇಲ್ಲಿ ನೆಲ ಒರೆಸಲು ಸೇರಿ, ಸಾಕ್ಷ್ಯದ ಕೋಣೆಯ ಬೀಗದ ಕೈ ಹಿಡಿಯುವವರೆಗೆ ಹನ್ನೊಂದು ವರ್ಷ. ಕೈ ತಾನಾಗಿಯೇ ಟೇಪು ಅಂಟಿಸುತ್ತದೆ. ಬುಧವಾರ 10:40ರಿಂದ ಆ ಪೊಟ್ಟಣ ಯಾವ ನಿಮಿಷ ಎಲ್ಲಿತ್ತು ಅಂತ ಹೇಳಬಲ್ಲೆ. ನಾನು ಎಲ್ಲಿದ್ದೆ ಅಂತ ಹೇಳಲಾರೆ. ಅಳುವೂ ಬರಲಿಲ್ಲ. ಮಧ್ಯಾಹ್ನ ಸೂಪು ಕುಡಿದೆ, ಬಿಸಿಯಿತ್ತೋ ತಣ್ಣಗಿತ್ತೋ ಗೊತ್ತಿಲ್ಲ.

ಚಕ್ಕೆ ನಿನ್ನ ಗಾಡಿಯದೆಂದು ತಿಳಿದೂ ಎರಡು ದಿನ ಬಾಯಿ ಮುಚ್ಚಿಕೊಂಡು ಆ ಪೊಟ್ಟಣದ ಮೇಲೆ ಇನ್ನೂ ಮೂರು ಸಹಿ ಹಾಕಿದ್ದೇನೆ. ಅದು ನನ್ನ ತಪ್ಪು, ನನ್ನ ಕೆಲಸಕ್ಕೆ ಕುತ್ತು. ನಮ್ಮ ಮುಖ್ಯಸ್ಥ ಹಸ್ಕಿನ್ಸ್ ಸೋಮವಾರ ಬರುತ್ತಾನೆ. ಎಂಟು ಗಂಟೆಗೆ ಅವನಿಗೆ ಹೇಳುತ್ತೇನೆ.

ಗುದ್ದಿದ್ದು ಜಿಂಕೆಗೆ ಅಂದುಕೊಂಡೆ ಅನ್ನುತ್ತೀಯ. ಜಿಂಕೆ ಉಣ್ಣೆ ಕೋಟು ಹಾಕುವುದಿಲ್ಲ, ಡೆಲ್ಬರ್ಟ್.

ಈ ಕಾಗದ ನಾಳೆಯ ಅಂಚೆಯಲ್ಲಿ ನಿನ್ನ ಕೈಸೇರುತ್ತದೆ. ಭಾನುವಾರ ಪೂರ್ತಿ ನಿನ್ನದು. ನೀನಾಗಿಯೇ ಶೆರಿಫ್ ಠಾಣೆಗೆ ಹೋಗು. ಹುಡುಕಿ ಹಿಡಿದರು ಅನ್ನುವುದಕ್ಕೂ ತಾನೇ ಬಂದ ಅನ್ನುವುದಕ್ಕೂ ಟೀಗ್‌ನ ಹೆಂಡತಿಯ ಮುಂದೆ ವ್ಯತ್ಯಾಸವಿದೆ.

ಇನ್ನೂ ನಿನ್ನ ಮನೆತನದ ಹೆಸರಿನಲ್ಲೇ ಸಹಿ ಹಾಕುವ,
ವರ್ನಾ ಹ್ರುಸ್ಕಾ

ಮರೆತ ಮಾತು: ಇದರ ಕಾರ್ಬನ್ ಪ್ರತಿಯನ್ನು ಕಾಗದದ ಚೀಲದಲ್ಲಿಟ್ಟು, ಮೊಹರು ಮಾಡಿ, ವೇಳೆ ಬರೆದಿದ್ದೇನೆ. ಸೋಮವಾರ ಹಸ್ಕಿನ್ಸ್‌ಗೆ ಕೊಡುತ್ತೇನೆ. ನೀನು ಉತ್ತರ ಬರೆದರೆ ಅದೂ ಲಕೋಟೆ ಸಮೇತ ಅಲ್ಲಿಗೇ ಹೋಗುತ್ತದೆ. ಎರಡು ವರ್ಷ ನಿನ್ನ ಒಂದು ಕಾಗದಕ್ಕೆ ಕಾದಿದ್ದೆ. ಈಗ ಬರೆಯಬೇಡ. ಹೋಗು.