ಕಪಾಟಿನೊಳಗಿನ ಪದಾರ್ಥವಿಜ್ಞಾನ

ಸರಕಾರಿ ಶಾಲೆಗಳ ಸಾಮಾನು ತಪಾಸಣೆಯ ಮುಖ್ಯ ಅಧಿಕಾರಿಗಳಿಗೆ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬನ ಬಹಿರಂಗ ಪತ್ರ

ಗಾಜಿನ ಪಾತ್ರೆಗಳ ಪರಮ ರಕ್ಷಕರಾದ ಮಾನ್ಯರೇ,

ನನ್ನ ಮಗ ಬಸಣ್ಣ ಪದಾರ್ಥವಿಜ್ಞಾನದಲ್ಲಿ ಬಿ.ಎಸ್‌ಸಿ. ಪಾಸಾಗಿ, ತಮ್ಮ ಖಾತೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿದವನು, ಈಗ ತಮ್ಮ ಹುಕುಮಿನಂತೆ ಹುಡುಗರಿಗೆ ಅಕ್ಷರ ದುಂಡಗೆ ಬರೆಯುವುದನ್ನು ಕಲಿಸುತ್ತಿದ್ದಾನೆ. ಅವನು ಮಾಡಿದ ಅಪರಾಧ ಇಷ್ಟೇ: ವಿಜ್ಞಾನದ ಪಾಠಕ್ಕೆಂದು ವಿಜ್ಞಾನದ ಸಾಮಾನನ್ನು ಕಪಾಟಿನಿಂದ ಹೊರಗೆ ತೆಗೆದ. ಬರುವ ಸೋಮವಾರ ರಾಜೀನಾಮೆ ಕೊಟ್ಟು ನನ್ನ ಅಡತಿ ಅಂಗಡಿಯಲ್ಲಿ ಬಂದು ಕೂಡ್ರುತ್ತೇನೆ ಎನ್ನುತ್ತಿದ್ದಾನೆ. ಮಗ ಅಂಗಡಿಯ ಗಾದಿಗೆ ಬಂದನಲ್ಲ ಎಂದು ಪೇಟೆಯವರೆಲ್ಲ ನನ್ನನ್ನು ಅಭಿನಂದಿಸುತ್ತಿದ್ದಾರೆ. ನನಗೆ ಹೇಸಿಗೆಯಾಗಿದೆ. ಅದನ್ನು ತಮ್ಮಿಂದ ಬಚ್ಚಿಡುವ ಮನಸ್ಸಿಲ್ಲದೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ವ್ಯಾಪಾರಸ್ಥ. ತೂಗದೆ ಯಾವುದನ್ನೂ ಕೊಂಡವನಲ್ಲ. ಈ ಪದವಿಯನ್ನೂ ಕೊಳ್ಳುವ ಮೊದಲು ತೂಗಿ ನೋಡಿದ್ದೆ. ಕಾಲೇಜಿನ ಫೀ, ಧಾರವಾಡದಲ್ಲಿ ಖೋಲಿಯ ಬಾಡಿಗೆ, ಖಾನಾವಳಿ, ಬೆಳ್ಳಿಗಿಂತ ತುಟ್ಟಿಯಾದ ವಿಲಾಯತಿ ಪುಸ್ತಕಗಳು, ಪರೀಕ್ಷೆಗೆಂದು ಮುಂಬಯಿಯವರೆಗಿನ ರೈಲು. ಗೋಪನಕೊಪ್ಪದ ದಾರಿಯಲ್ಲಿದ್ದ ಒಂದು ತುಂಡು ಭೂಮಿ ಇದರಲ್ಲಿ ಕರಗಿತು. ವಕೀಲಿ ಓದಿಸು, ಕಕ್ಷಿದಾರರು ಮನೆ ಬಾಗಿಲಿಗೆ ಬರುತ್ತಾರೆ ಎಂದು ಬಂಧುಗಳು ಬಡಕೊಂಡರು. ನಾನು ಕೇಳಲಿಲ್ಲ. ಏಕೆಂದರೆ ಅದೇ ವರ್ಷ ಬಹುಮಾನ ಹಂಚುವ ಸಮಾರಂಭದಲ್ಲಿ ತಾವೇ ವೇದಿಕೆಯ ಮೇಲೆ ನಿಂತು, "ದೇಶಕ್ಕೆ ಇನ್ನು ಬೇಕಾದವರು ವಿಜ್ಞಾನಿಗಳು" ಎಂದು ಒಂದು ತಾಸು ಅಪ್ಪಣೆ ಕೊಡಿಸಿದ್ದಿರಿ. ತಮ್ಮ ಕೊರಳಿನ ಹಾರಕ್ಕೆ ವರ್ಗಣಿ ಕೊಟ್ಟವರಲ್ಲಿ ನಾನೂ ಒಬ್ಬ. ಹಾರ ಹಾಕಿಸಿಕೊಂಡವರು ಸುಳ್ಳು ಹೇಳಲಿಕ್ಕಿಲ್ಲ ಎಂದು ನಂಬಿದೆ.

ಪದವಿ ಬಂತು. ಅದನ್ನು ಕೊಳ್ಳುವವರು ಬರಲಿಲ್ಲ. ಎರಡು ವರ್ಷ ಅರ್ಜಿ ಬರೆದ ಮೇಲೆ ತಮ್ಮ ಖಾತೆಯಲ್ಲಿ ನೌಕರಿಯಾಯಿತು. ಪಗಾರ ನನ್ನ ಗುಮಾಸ್ತನಿಗೆ ಕೊಡುವುದಕ್ಕಿಂತ ತುಸು ಹೆಚ್ಚು. ನಮ್ಮ ನೆರೆಯ ಯಾಕೂಬಸಾಬರ ಮಗ ಮೋಟಾರು ರಿಪೇರಿ ಕಲಿತು ಅದಕ್ಕೆ ಎರಡರಷ್ಟು ಗಳಿಸುತ್ತಾನೆ. ಒಮ್ಮೆ ನಾನು ಹೊಟ್ಟೆಯುರಿಯಿಂದ ಅದನ್ನು ಆಡಿದಾಗ ಯಾಕೂಬಸಾಬರು ನಕ್ಕರು: "ನಮ್ಮಾಂವ ಮೊದಲನೇ ವರ್ಷ ಮುರಿದದ್ದ ಹೆಚ್ಚರಿ, ಕೂಡಿಸಿದ್ದ ಕಡಿಮಿ. ಮಾಲಕ ಬೈದ, ಖರೇ ಕೈಯಾಗಿನ ನಟ್ಟು ಬಿಚ್ಚೂ ಪಾನಾ ಕಸಗೊಳ್ಳಲಿಲ್ಲ." ಹೋಗಲಿ, ಹಣದ ಮಾತು ಬಿಟ್ಟೆ. ಕಡಿಮೆ ಪಗಾರದಲ್ಲಿ ಬದುಕಿದ ಮಾಸ್ತರರು ಈ ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲಿತದ್ದನ್ನು ಕಲಿಸುತ್ತಾನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ತಮ್ಮ ಖಾತೆಯ ನಿಯಮ ನನಗೆ ಆಗ ತಿಳಿದಿರಲಿಲ್ಲ. ಶಾಲೆಯ ಗಾಜಿನ ಸಾಮಾನು ಏನು ಒಡೆದರೂ ಅದರ ಬೆಲೆಯನ್ನು ಮಾಸ್ತರನ ಪಗಾರದಿಂದ ಕಡಿಯಬೇಕು, ಜೊತೆಗೆ ನೌಕರಿಯ ದಾಖಲೆಯಲ್ಲಿ ಅವನ ಹೆಸರಿಗೊಂದು ಕೆಟ್ಟ ಶೇರಾ ಬರೆಯಬೇಕು. ಹೀಗಾಗಿ ಜಾಣ ಮಾಸ್ತರರು ಸೇರಿದ ವಾರದಲ್ಲೇ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಹೆಡ್‌ಮಾಸ್ತರರಿಗೆ ಒಪ್ಪಿಸಿಬಿಡುತ್ತಾರಂತೆ. ಮುಂದೆ ಮೂವತ್ತು ವರ್ಷ ಗೋಡೆಯ ಕರಿ ಫಳಾದ ಮೇಲೆ ಸುಣ್ಣದ ಕಡ್ಡಿಯಿಂದ ವಿಜ್ಞಾನ ನಡೆಯುತ್ತದೆ. ವಿದ್ಯುತ್ತೂ ಸುಣ್ಣದ ಗೆರೆ, ಬೆಳಕೂ ಸುಣ್ಣದ ಗೆರೆ. ನನ್ನ ಮಗ ಅಷ್ಟು ಜಾಣನಲ್ಲ.

ಒಂದು ದಿನ ಅವನು ಗಾಜಿನ ದೊಡ್ಡ ಬುರುಡೆಯೊಂದನ್ನು ತೆಗೆದು, ಅದರೊಳಗೆ ವಿದ್ಯುತ್ತಿನ ಗಂಟೆಯನ್ನಿಟ್ಟು ಬಡಿಸುತ್ತ, ಪಂಪಿನಿಂದ ಗಾಳಿಯನ್ನು ಹೊರಕ್ಕೆ ಎಳೆದ. ಗಾಳಿ ಕಡಿಮೆಯಾದಂತೆ ಸದ್ದು ಸಣ್ಣದಾಗುತ್ತ ಬಂದು ಕಡೆಗೆ ಇಲ್ಲವೇ ಇಲ್ಲವಾಯಿತು. "ಗಂಟಿ ಬಡಿಯಾಕತ್ತೈತ್ರಿ ಸರ್, ಕೇಳವಲ್ದು" ಎಂದು ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ ನಿಂತನಂತೆ. ಮಗ ಅಂದು ಮನೆಗೆ ಬಂದು ಊಟ ಮರೆತು ಇದನ್ನೇ ಹೇಳಿದ. ಅವನ ಪದವಿಗೆ ಹಾಕಿದ ರೊಕ್ಕ ಅಂದು ನನಗೆ ಮರಳಿ ಬಂತು ಎಂದುಕೊಂಡೆ. ಬುರುಡೆ ಮಾತ್ರ ಬಿರುಕು ಬಿಟ್ಟಿತ್ತು. ಪ್ರಯೋಗದಲ್ಲಲ್ಲ, ಮಾನ್ಯರೇ. ತಿರುಗಿ ಇಡುವಾಗ ತಮ್ಮ ಇಕ್ಕಟ್ಟಾದ ಕಪಾಟಿನ ಬಾಗಿಲಿಗೆ ತಾಗಿ.

ತಾವು ತಪಾಸಣೆಗೆ ಬಂದಿರಿ. "ಪುಸ್ತಕದಲ್ಲಿ ಚಿತ್ರವಿರಲು ಉಪಕರಣ ತೆಗೆದ ಕಾರಣವೇನು?" ಎಂದು ಬರೆದಿರಿ. ಪಗಾರ ಕಡಿದು, ಅವನನ್ನು ಶುದ್ಧಬರಹಕ್ಕೆ ಹಾಕಿದಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ತಮ್ಮ ಕಚೇರಿಗೆ ಬಂದೆ. ತಾವು ದರ್ಶನ ಕೊಡಲಿಲ್ಲ, ತಮ್ಮ ಕಾರಕೂನರು ಕೊಟ್ಟರು.

"ಯಜಮಾನ್ರ, ಕಪಾಟಿನ್ಯಾಗ ಇದ್ರ ಸಾಮಾನು ಸುರಕ್ಷಿತ ಇರತಾವ್ರಿ" ಎಂದರು.

"ಪಾಠಕ್ಕ ತಗೀಬಾರದಂದ್ರ ಅವನ್ನ ತರಿಸಿದ್ದ್ಯಾಕ್ರಿ?" ಎಂದು ಕೇಳಿದೆ.

"ತಪಾಸಣಿಗೆ ತೋರಸಾಕ್ರಿ" ಎಂದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಒಳ್ಳೆಯ ಮನುಷ್ಯರು, ಕುಡಿಯಲು ನೀರೂ ಕೊಟ್ಟರು.

ಮನೆಯಲ್ಲಿ ನನ್ನ ಹೆಂಡತಿ ದಾನವ್ವನಿಗೆ ಇದನ್ನು ಹೇಳಿದೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ದೇವರ ಮನಿ ಬೆಳ್ಳಿ ಸಾಮಾನ ಸುದ್ದಾ ಹಬ್ಬಕ್ಕ ಹೊರಗ ತಗೀತೀವಿ. ಇವರ ಹಬ್ಬ ಯಾವಾಗ ಬರತೈತ್ರಿ?" ಎಂದು ಕೇಳಿದಳು. ಉತ್ತರ ತಮ್ಮಲ್ಲಿದ್ದರೆ ದಯಮಾಡಿ ತಿಳಿಸಬೇಕು.

ನಮ್ಮ ಹತ್ತಿ ಪೇಟೆಯಲ್ಲಿ ಒಂದು ರೂಢಿ ಇದೆ. ಹತ್ತಿ ತುಂಬಿದ ಅಂಡಿಗೆಯನ್ನು ಮಾರುವ ಮೊದಲು ಅದನ್ನು ಸೀಳಿ, ಬಂದ ಗಿರಾಕಿಗಳೆಲ್ಲ ಹಿಡಿ ಹಿಡಿ ಹತ್ತಿ ಕಿತ್ತು, ಎಳೆ ಜಗ್ಗಿ ನೋಡಿ ನೆಲಕ್ಕೆ ಚೆಲ್ಲುತ್ತಾರೆ. ಆ ಹಿಡಿ ಹತ್ತಿಗೆ ಯಾರೂ ಬೆಲೆ ಕೇಳುವುದಿಲ್ಲ. ಕಿತ್ತು ನೋಡಿದ್ದಕ್ಕೆ ದಂಡ ಹಾಕುವ ವ್ಯಾಪಾರಿಯ ಅಂಗಡಿಗೆ ಎರಡನೆಯ ದಿನ ನೊಣವೂ ಬರಲಾರದು. ಅಕ್ಷರ ಬರದ ಹಮಾಲನಿಗೂ ಗೊತ್ತಿರುವ ಈ ಮಾತು ತಮ್ಮಷ್ಟು ಕಲಿತವರಿಗೆ ಯಾರೂ ಹೇಳಲಿಲ್ಲವೆ? ಅಥವಾ ಅಂಡಿಗೆಯೊಳಗೆ ಹತ್ತಿ ಇದೆಯೋ ಕಸ ಇದೆಯೋ ಎಂಬುದೇ ತಮಗೆ ಬೇಡವಾದ ಮಾತೆ?

ಮೊನ್ನೆ ಮಗನಿಗೆ ಬುದ್ಧಿ ಹೇಳಹೋದೆ. ಪಗಾರ ಕಡಿದದ್ದನ್ನು ನಾನೇ ತುಂಬಿಕೊಡುತ್ತೇನೆ, ನೌಕರಿ ಬಿಡಬೇಡ ಎಂದೆ. "ರೊಕ್ಕದ ಸಿಟ್ಟಲ್ಲಪ್ಪಾ" ಎಂದ. "ಮತ್ತೊಮ್ಮಿ ಆ ಗಂಟಿ ತೋರಸ್ರಿ ಅಂತ ಹುಡುಗರು ಬಾಗಿಲದಾಗ ನಿಂದರತಾವು. ನಾ ಅವರಿಗೆ 'ಅ' ತಿದ್ದಾಕ ಹೇಳತೇನಿ. ನಂಗ ಅವರ ಮಾರಿ ನೋಡಾಕ ಆಗವಲ್ದು." ಇಪ್ಪತ್ತಾರು ವರ್ಷದ ಮಗ ನನ್ನೆದುರು ಅತ್ತದ್ದು ಅಂದೇ ಮೊದಲು. ತಮ್ಮ ಮೇಲಿನ ನನ್ನ ಸಿಟ್ಟು ಹೇಸಿಗೆಯಾಗಿ ತಿರುಗಿದ್ದೂ ಅಂದೇ.

ಆದಕಾರಣ ನನ್ನ ಬೇಡಿಕೆಯನ್ನು ಲಾಲಿಸಬೇಕು. ಆ ಶಾಲೆಯ ಕಪಾಟಿನಲ್ಲಿರುವ ಒಂದೊಂದು ಗಾಜಿನ ಬೆಲೆಯನ್ನೂ ಮುಂಬಯಿಯ ಅಂಗಡಿಯಿಂದ ಕೇಳಿ ತರಿಸಿದ್ದೇನೆ. ಅಷ್ಟೂ ಹಣವನ್ನು ಈ ಪತ್ರದೊಡನೆ ತಮ್ಮ ಕಚೇರಿಗೆ ಮನಿಆರ್ಡರ್ ಮಾಡಿದ್ದೇನೆ. ಇದು ದಾನವಲ್ಲ, ಮುಂಗಡ ದಂಡ. ಎಲ್ಲವೂ ಒಡೆದುಹೋಯಿತೆಂದು ಇಂದೇ ಬರೆದುಕೊಳ್ಳಿ, ಬೇಕಾದರೆ ಕೆಟ್ಟ ಶೇರಾವನ್ನು ನನ್ನ ಹೆಸರಿಗೆ ಹಾಕಿ. ಒಡೆದ ಸಾಮಾನಿನ ಮೇಲೆ ತಮಗೆ ಇನ್ನೇನು ಕಾಳಜಿ? ಸೋಮವಾರದೊಳಗೆ ಕೀಲಿಕೈಯನ್ನು ನನ್ನ ಮಗನ ಕೈಗೆ ಕೊಡಿ.

ಇಂತಿ,
ಮಗನ ಪದವಿಯನ್ನು ಎರಡು ಸಲ ಕೊಂಡ ಮೂರ್ಖ,
ಕುಬೇರಪ್ಪ, ಹತ್ತಿ ಅಡತಿ ವ್ಯಾಪಾರಿ
ಬೆಂಗೇರಿ, ಹುಬ್ಬಳ್ಳಿ
ಜುಲೈ ೧೯೩೮