ಅಪ್ಪ ಕಟ್ಟಿದ ದೋಣಿಯನ್ನು ಮಗನ ಕೈಯಲ್ಲೇ ಒಡೆಸುವವರಿಗೆ

ಯುರೋಪನ್ನು ಒಂದು ಮಾಡುವ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾಲ್ಕು ವರ್ಷ ಕೆಲಸವಿಲ್ಲದೆ ಕೂತಿದ್ದ ನನ್ನ ಗಂಡ ಸ್ಟ್ರಾಟಿಸ್‌ಗೆ ಕೊನೆಗೂ ಕೆಲಸ ಕೊಟ್ಟಿರಿ. ಅವನ ಅಪ್ಪ ಕಟ್ಟಿದ ದೋಣಿಯ ಮೇಲೆ ಬುಲ್ಡೋಜರ್ ಹತ್ತಿಸಿ ಪುಡಿ ಮಾಡುವ ಕೆಲಸ. ಒಲ್ಲೆ ಎಂದದ್ದಕ್ಕೆ ಅವನ ನಿರುದ್ಯೋಗ ಭತ್ಯೆಯನ್ನೂ ಕಿತ್ತುಕೊಂಡಿರಿ.

ಮೀನು ಕಡಿಮೆಯಾಗಿದೆ, ಆದ್ದರಿಂದ ದೋಣಿಗಳೂ ಕಡಿಮೆಯಾಗಬೇಕು ಎನ್ನುತ್ತದೆ ನಿಮ್ಮ ನೀತಿ. ಒಪ್ಪೋಣ. ಹಾಗಾದರೆ ನಮ್ಮ ಲೆಸ್ವೊಸ್ ದ್ವೀಪದಾಚೆ ಕಡಲತಳವನ್ನೇ ಗುಡಿಸಿಕೊಂಡು ಹೋಗುವ ಉಕ್ಕಿನ ಹಡಗುಗಳು ಏನು ಹಿಡಿಯುತ್ತಿವೆ, ಗಾಳಿಯನ್ನೇ? ಮೀನು ಹಿಡಿಯುವ ಪರವಾನಗಿ ಒಪ್ಪಿಸಿದವರಿಗೆ ಪರಿಹಾರ ಕೊಡುತ್ತೀರಿ, ಸರಿ. ಆದರೆ ದೋಣಿಯನ್ನು ದಡದಲ್ಲೂ ಇಟ್ಟುಕೊಳ್ಳಬಾರದು, ಒಡೆಯಲೇಬೇಕು ಎನ್ನುವುದು ಯಾವ ನ್ಯಾಯ? ಮರದ ದೋಣಿಗಳು ಹೋದ ಮೇಲೆ ಅವನ್ನು ಕಟ್ಟುವ ಅಂಗಳವೂ ಮುಚ್ಚಿತು. ಅಲ್ಲಿ ಬಡಗಿಯಾಗಿದ್ದ ಸ್ಟ್ರಾಟಿಸ್ ಬೀದಿಗೆ ಬಿದ್ದ. ಆಗ ನಿಮ್ಮದೇ ಇನ್ನೊಂದು ಯೋಜನೆ ಬಂದು ಅವನಿಗೆ ಬುಲ್ಡೋಜರ್ ಓಡಿಸಲು ಕಲಿಸಿತು. ಎರಡು ಯೋಜನೆಗಳೂ ನಮ್ಮ ಮನೆಯ ಮುಂದೆಯೇ ಕೈಕುಲುಕಿದವು. ಏಕೀಕರಣ ಎಂದರೆ ಇದೇ ಇರಬೇಕು.

ಮಾವ ತೀರಿಕೊಂಡ ಮೇಲೆ ದೋಣಿ ನನ್ನ ಅತ್ತೆ ಮಿರ್ಸಿನಿಯ ಹೆಸರಿಗೆ ಬಂತು; ಡೀಸೆಲ್ ಖರ್ಚೂ ಹುಟ್ಟದೆ ಸಾಕಾಗಿ ಪರವಾನಗಿ ಒಪ್ಪಿಸಿದವರು ಅವರೇ. ಒಡೆಯುವ ದಿನ ಬೆಳಿಗ್ಗೆ ಅವರು ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಬೆರೆಸಿ ತಟ್ಟೆಯಲ್ಲಿ ತಂದರು. ನಿಮ್ಮ ಕಚೇರಿಯಿಂದ ಬಂದ ಪರಿವೀಕ್ಷಕರು ಎರಡು ಸಲ ಹಾಕಿಸಿಕೊಂಡು ತಿಂದರು.

“ತುಂಬಾ ರುಚಿಯಾಗಿದೆ ಅಜ್ಜಿ. ಇವತ್ತು ಏನು ಹಬ್ಬ?” ಎಂದು ದುಭಾಷಿಯ ಮೂಲಕ ಕೇಳಿದರು.

“ಹಬ್ಬ ಎಲ್ಲಿ ಬಂತಪ್ಪಾ? ಇದು ಸತ್ತೋರ ಹೆಸರಲ್ಲಿ ಮಾಡೋದು. ದೋಣಿಗೆ ಅಂತ ಮಾಡಿದೀನಿ. ತಿನ್ನು, ನೀನೇ ಅಲ್ವಾ ಕಳಿಸಿಕೊಡೋಕೆ ಬಂದಿರೋನು?”

ಪರಿವೀಕ್ಷಕರು ಚಮಚ ಕೆಳಗಿಟ್ಟರು. ಬುಲ್ಡೋಜರ್ ಮೇಲೆ ಕೂತಿದ್ದ ಸ್ಟ್ರಾಟಿಸ್ ಎಂಜಿನ್ ಆರಿಸಿ ಇಳಿದ. “ನನ್ನ ಕೈಲಾಗಲ್ಲ ಸಾರ್. ಏನು ಬರ್ಕೋತೀರೋ ಬರ್ಕೊಳ್ಳಿ” ಎಂದ. ಅವರು ಬರೆದುಕೊಂಡರು.

ಬರುವ ಸೋಮವಾರ ಅದೇ ತರಬೇತಿ ಪಡೆದ ಇನ್ನೊಬ್ಬ ನಿರುದ್ಯೋಗಿಯನ್ನು ಕಳಿಸುತ್ತೀರಂತೆ. ಪಕ್ಕದ ಬೀದಿಯ ಪ್ರೊಕೋಪಿಸ್, ನಮ್ಮ ಮದುವೆಯಲ್ಲಿ ಬೆಳಗಿನವರೆಗೆ ಕುಣಿದವನು.

“ಒಡೀಲಿ ಬಿಡು, ಆರ್ಗಿರೊ. ಅವನಿಗೂ ಎರಡು ಮಕ್ಕಳಿವೆ. ಅವನನ್ನ ಬೈಬೇಡ” ಎನ್ನುತ್ತಾನೆ ಸ್ಟ್ರಾಟಿಸ್.

ಸ್ವಾಮೀ, ನಾನು ಅವನನ್ನು ಬೈಯುವುದಿಲ್ಲ. ಆದರೆ ಆಮೇಲೆ ಅವನ ಹೆಂಡತಿಯ ಮುಖವನ್ನು ಹೇಗೆ ನೋಡಲಿ? ಸ್ಟ್ರಾಟಿಸ್‌ನ ಭತ್ಯೆಯನ್ನು ಮರಳಿಸಿ. ದೋಣಿಯನ್ನು ದಡದಲ್ಲಿ ಇರಲು ಬಿಡಿ. ಒಡೆಯಲೇಬೇಕು ಎಂಬುದೇ ನಿಮ್ಮ ಹಟವಾದರೆ ಸೋಮವಾರ ನೀವೇ ಬಂದು ಆ ಸೀಟಿನ ಮೇಲೆ ಕೂತು ಒಡೆಯಿರಿ. ಪ್ರೊಕೋಪಿಸ್ ನಮ್ಮ ಊರಿನಲ್ಲೇ ಬಾಳಬೇಕಾದವನು.

ಇಂತಿ,
ನಿಮ್ಮ ಯುರೋಪಿನ ಒಳಗೇ ಇದ್ದೇನೆಂದು ನಂಬಿರುವ,
ಆರ್ಗಿರೊ