ತಪ್ಪುಗಳ ಹಾಳೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಆರೂವರೆಯ ಬ್ಯಾಚು. ಲೆಕ್ಕದ ಮೇಷ್ಟ್ರು ನಾಲ್ಕು ಸಲ ಗಾಡಿ ಆಫ್ ಮಾಡಿದರು. ಹಿಂದಿನ ಸೀಟಿನಲ್ಲಿ ಕೂತು ಬರೆದುಕೊಂಡೆ — ಕ್ಲಚ್, ಕ್ಲಚ್, ಕ್ಲಚ್, ಮತ್ತೆ ಕ್ಲಚ್. ಅಮ್ಮನ ಡ್ರೈವಿಂಗ್ ಸ್ಕೂಲಿನ ನಿಯಮ: ಕಲಿಯಲು ಬಂದ ಒಬ್ಬೊಬ್ಬರಿಗೂ ಒಂದು ಹಾಳೆ, ಅದರಲ್ಲಿ ತಪ್ಪು ಮಾತ್ರ. ಸರಿ ಮಾಡಿದ್ದನ್ನು ಬರೆಯುವ ಹಾಗಿಲ್ಲ. "ನೆಟ್ಟಗೆ ಓಡಿಸಿದ್ದಕ್ಕೆ ಸನ್ಮಾನ ಬೇರೆ ಮಾಡ್ಬೇಕಾ?" ಅನ್ನುತ್ತಾಳೆ. ಸಾಹಿತ್ಯದಲ್ಲಿ ಎಂ.ಎ. ಮಾಡಿ ನಾನು ಬರೆಯುತ್ತಿರುವುದು ಇದನ್ನೇ. ಬೇಜಾರಿಲ್ಲ. ಹಿಂದಿನ ಸೀಟಿನಲ್ಲಿ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ.

ದೊಡ್ಡ ತಿರುವಿನಲ್ಲಿ ಅಮ್ಮನಿಗೆ ಸೆಕೆ ಬಂತು. ಕತ್ತಿನಿಂದ ಮೇಲೇರುವ ಕೆಂಪು, ತುಟಿಯ ಮೇಲೆ ಬೆವರು. ಗಾಜು ಇಳಿಸಿದಳು. ಮುಟ್ಟು ನಿಂತು ವರ್ಷ ದಾಟಿತು. ಈ ಸೆಕೆ ಈಗ ಮನೆಯವರಲ್ಲೊಬ್ಬರ ಹಾಗೆ — ಹೇಳದೆ ಬರುತ್ತದೆ, ಹೇಳದೆ ಹೋಗುತ್ತದೆ.

"ಮೇಡಂ, ನಾನೇನಾದ್ರೂ ತಪ್ಪು ಮಾಡಿದ್ನಾ?" ಮೇಷ್ಟ್ರಿಗೆ ಗಾಬರಿ.

"ಇಲ್ಲ ಮೇಷ್ಟ್ರೇ, ಬಿಸಿಯಾಗಿರೋದು ನನ್ನ ಇಂಜಿನ್ನು. ನೀವು ನಿಮ್ಮದು ನೋಡ್ಕೊಳ್ಳಿ."

ಐದನೇ ಸಲ ಕ್ಲಚ್.

ಮಾರ್ಚ್ 4, ಸಂಜೆ

ಕ್ಲಿನಿಕ್ಕಿಗೆ ಹೋಗಿದ್ದು ಅಮ್ಮನ ಮಂಡಿ ನೋವಿಗೆ. ಡಾಕ್ಟರಮ್ಮ ವಯಸ್ಸು ಕೇಳಿದರು, ಮುಟ್ಟು ನಿಂತಿತಾ ಕೇಳಿದರು, ಸೆಕೆ ಬರುತ್ತದಾ ಕೇಳಿದರು. ಮಂಡಿ ಅಲ್ಲಿಗೇ ಮರೆತುಹೋಯಿತು. ಚೀಟಿಯ ಮೇಲೆ ಹಾರ್ಮೋನ್ ಮಾತ್ರೆ.

"ನೋಡಿ ಅಮ್ಮಾ, ಈ ವಯಸ್ಸಲ್ಲಿ ಎಲ್ರೂ ತಗೋತಾರೆ. ಮೂಳೆ ಸವೆಯತ್ತೆ, ನಿದ್ದೆ ಹೋಗತ್ತೆ, ಮುಖ ಬಾಡತ್ತೆ. ಸುಮ್ನೆ ಯಾಕೆ ನರಳ್ತೀರಾ?"

"ಹೂಂ ಡಾಕ್ಟ್ರೇ."

ಲಾರಿಯವರನ್ನು ನಡುರಸ್ತೆಯಲ್ಲಿ ಇಳಿಸಿ ಬೈಯುವವಳು ನನ್ನಮ್ಮ. ಅಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಹೂಂ ಅಂದಳು. ಮೆಟ್ಟಿಲು ಇಳಿದ ಮೇಲೆ —

"ನಂಗೆ ಬೇಡ ಕಣೇ."

"ಮತ್ತೆ ಹೂಂ ಅಂದ್ಯಲ್ಲ?"

"ಆ ಕುರ್ಚೀಲಿ ಕೂತ್ರೆ ಬಾಯೇ ಬರಲ್ಲ. ಕನ್ನಡಕ ಹಾಕ್ಕೊಂಡೆ, ಹಲ್ಲು ಕೀಳಿಸ್ಕೊಂಡೆ, ಬೇಡ ಅಂದ್ನಾ? ಅವು ತೊಂದ್ರೆ ಕೊಡ್ತಿದ್ವು. ಇದು ಸೆಕೆ. ಅಷ್ಟೇ."

ಚಿಕ್ಕಮ್ಮ ಎರಡು ವರ್ಷದಿಂದ ಅದೇ ಮಾತ್ರೆ ತಗೋತಾಳೆ, ಜೀವ ಉಳೀತು ಅನ್ನುತ್ತಾಳೆ. ನೆನಪಿಸಿದೆ. "ಅವಳಿಗೆ ರಾತ್ರಿಯಿಡೀ ನಿದ್ದೆ ಇರಲಿಲ್ಲ. ತಗೊಂಡಳು, ಒಳ್ಳೇದಾಯ್ತು. ನಾನು ಗೊರಕೆ ಹೊಡೀತೀನಲ್ಲ!"

ಹೊಡೆಯುತ್ತಾಳೆ. ಪಕ್ಕದ ಕೋಣೆಯಲ್ಲಿ ಮಲಗುವ ನಾನೇ ಸಾಕ್ಷಿ.

ಆದರೆ ಅಲ್ಲಿ ನಾನೂ ಬಾಯಿ ಬಿಡಲಿಲ್ಲ. ಅಮ್ಮನಿಗೆ ಒಂದು ಕುರ್ಚಿಯಲ್ಲಿ ಬಾಯಿ ಬರುವುದಿಲ್ಲ. ನನಗೆ ಯಾವ ಕುರ್ಚಿಯಲ್ಲೂ ಇಲ್ಲ.

ಮಾರ್ಚ್ 5

ಉಪಾಯ ಹೊಳೆದಿದೆ. ಮುಂದಿನ ಮಂಗಳವಾರ ಮತ್ತೆ ಬರಹೇಳಿದ್ದಾರೆ. ನಮ್ಮಿಬ್ಬರಿಗೂ ಬಾಯಿ ಬರದಿದ್ದರೆ ಹಾಳೆ ಮಾತಾಡಲಿ. ಅಮ್ಮನಿಗೂ ಒಂದು ಹಾಳೆ ಶುರು ಮಾಡಿದೆ. ಗಂಟೆ, ನಿಮಿಷ, ಹೇಗಿತ್ತು. ಒಂದೂ ಐದು ನಿಮಿಷ ದಾಟುವುದಿಲ್ಲ ಎಂದು ಡಾಕ್ಟರಿಗೇ ಕಾಣುತ್ತದೆ.

ಮಾರ್ಚ್ 11, ಮಂಗಳವಾರ

ಎಡವಟ್ಟಾಯಿತು.

ಹಾಳೆ ಕೊಟ್ಟೆ. ಡಾಕ್ಟರಮ್ಮ ಬೆರಳಿಟ್ಟು ಎಣಿಸಿದರು. "ಆರು ದಿನಕ್ಕೆ ನಲವತ್ತೇಳು ಸಲ! ಇಷ್ಟನ್ನ ಅನುಭವಿಸ್ಕೊಂಡು ಸುಮ್ನಿದ್ದೀರಾ?" ಪಕ್ಕದ ಕೋಣೆಯ ದೊಡ್ಡ ಡಾಕ್ಟರನ್ನೂ ಕರೆದರು. ಅವರು ನಿಂತುಕೊಂಡೇ ಓದಿದರು, ನಾನು ಅಂಚಿನಲ್ಲಿ ಬರೆದಿದ್ದನ್ನೂ — ಜೋರಾಗಿ. "ಕೆಂಡ ಮುಟ್ಟಿದಂತೆ ಮುಖ." ನನಗೆ ಮೇಜಿನ ಕೆಳಗೆ ಹೋಗುವಂತಾಯಿತು.

"ಮಗಳೇ ಇಷ್ಟು ಸಂಕಟಪಟ್ಟು ಬರೆದಿದ್ದಾಳೆ. ಅವಳಿಗೋಸ್ಕರ ಆದ್ರೂ ತಗೊಳ್ಳಿ," ಅಂದರು ದೊಡ್ಡ ಡಾಕ್ಟರು. "ಇನ್ನೆರಡು ವಾರ ಬಿಟ್ಟು ಬನ್ನಿ. ಅಷ್ಟರಲ್ಲಿ ಶುರು ಮಾಡಿರ್ಬೇಕು."

ಅಮ್ಮ ನನ್ನ ಕಡೆ ನೋಡಿದಳು. "ಹೂಂ."

ಮನೆ ಮುಂದೆ ಕಾರು ನಿಲ್ಲಿಸಿ ಕೇಳಿದಳು — "ನಾನು ಅಷ್ಟು ಕಷ್ಟದಲ್ಲಿದ್ದೀನಿ ಅನ್ಸತ್ತಾ ನಿಂಗೆ?"

ಇಲ್ಲ. ಅನ್ನಿಸುವುದಿಲ್ಲ. ಹಾಗಾದರೆ ಯಾಕೆ ಹಾಗೆ ಬರೆದೆ? ಕೈ ರೂಢಿ. ಹಾಳೆ ಅಂದರೆ ತಪ್ಪು ಮಾತ್ರ. ಇಡೀ ಅಮ್ಮನಲ್ಲಿ ನಲವತ್ತೇಳನ್ನು ಆರಿಸಿಕೊಟ್ಟು ಬಂದೆ. ಕೆಂಡ ಮಾತ್ರ ನನ್ನ ಎಂ.ಎ.ಯ ತಪ್ಪು.

ಮಾರ್ಚ್ 12

ಮಾತ್ರೆ ತಂದಿದ್ದಾಳೆ. ಊಟದ ಮೇಜಿನ ಮೇಲಿದೆ, ಡಬ್ಬಿ ಒಡೆದಿಲ್ಲ. ಇಬ್ಬರೂ ಅದನ್ನು ಮುಟ್ಟದೆ, ಅದರ ಸುತ್ತ ತಟ್ಟೆ ಇಡುತ್ತಿದ್ದೇವೆ.

ಮಾರ್ಚ್ 20

ಒಂದು ವಾರ ಈ ಡೈರಿಯಲ್ಲಿ ಏನೂ ಬರೆಯಲಿಲ್ಲ. ಬರೆಯುವುದೆಂದರೇ ಹೆದರಿಕೆ.

ಇವತ್ತು ಅಮ್ಮನೇ ಎದುರಿಗೆ ಬಂದು ಕೂತಳು. "ಇನ್ನೊಂದು ಹಾಳೆ ಮಾಡೇ. ಈ ಸಲ ಬರೀ ಸೆಕೆ ಅಲ್ಲ, ಇಡೀ ದಿನ. ಅಲಂಕಾರ ಬೇಡ."

"ಸರಿ ಮಾಡಿದ್ದು ಬರೆಯೋ ಹಾಗಿಲ್ವಲ್ಲ?"

"ಡ್ರೈವಿಂಗ್‌ಗೆ ಕಣೇ ಅದು, ದಡ್ಡಿ. ನಾನೇನು ಲೈಸೆನ್ಸ್‌ಗೆ ಕಾಯ್ತಿದ್ದೀನಾ?"

ಬರೆದೆ. ಮಲಗಿದ್ದು ಹತ್ತಕ್ಕೆ, ಎದ್ದಿದ್ದು ಐದೂವರೆಗೆ, ನಡುವೆ ಒಂದು ಸಲ ಎಚ್ಚರ. ಏಳು ಕ್ಲಾಸು. ಮಧ್ಯಾಹ್ನ ಸೆಕೆ, ಮೂರು ನಿಮಿಷ, ಗಾಜು ಇಳಿಸಿದ್ದು. ಲೆಕ್ಕದ ಮೇಷ್ಟ್ರು ರಿವರ್ಸ್ ಹಾಕಿ ಗೇಟು ದಾಟಿಸಿದಾಗ ಚಪ್ಪಾಳೆ ತಟ್ಟಿದ್ದು. ಅನ್ನ ಎರಡನೇ ಸಲ ಬಡಿಸಿಕೊಂಡಿದ್ದು. ನಕ್ಕಿದ್ದು — ಲೆಕ್ಕ ತಪ್ಪಿತು.

ಮಾರ್ಚ್ 25, ಮಂಗಳವಾರ

ಎಲ್ಲಾ ಮಾತೂ ಮರೆಯುವ ಮೊದಲು ಬರೆಯಬೇಕು.

ಅದೇ ಕುರ್ಚಿ. "ಶುರು ಮಾಡಿದ್ರಾ?" ಡಾಕ್ಟರಮ್ಮ ಕೇಳಿದರು. ಅಮ್ಮನ ಬಾಯಿ 'ಹೂಂ' ಆಕಾರಕ್ಕೆ ಬಂದಿತ್ತು, ಕಂಡೆ. ಅವಳಿಗಿಂತ ಮೊದಲು ನಾನೇ ಅಂದುಬಿಟ್ಟೆ — "ಮೊನ್ನೆ ಕೊಟ್ಟ ಹಾಳೆ ಅರ್ಧ, ಡಾಕ್ಟ್ರೇ. ತಪ್ಪು ನನ್ನದು. ಉಳಿದರ್ಧ ಅಮ್ಮ ಹೇಳ್ತಾಳೆ."

ನನ್ನ ದನಿ ಅಷ್ಟು ಜೋರಿದೆ ಎಂದು ಗೊತ್ತಿರಲಿಲ್ಲ.

ಅಮ್ಮ ಹಾಳೆ ಮುಂದಿಟ್ಟಳು, ಆದರೆ ಅದನ್ನು ನೋಡಲಿಲ್ಲ. "ನಿದ್ದೆ ಮಾಡ್ತೀನಿ. ಊಟ ಮಾಡ್ತೀನಿ. ದಿನಕ್ಕೆ ಏಳು ಜನಕ್ಕೆ ಗಾಡಿ ಕಲಿಸ್ತೀನಿ. ಸೆಕೆ ಬರತ್ತೆ, ಗಾಜು ಇಳಿಸ್ತೀನಿ. ಮೂಳೆ ಪರೀಕ್ಷೆ ಬರ್ಕೊಡಿ, ಮಾಡಿಸ್ತೀನಿ. ಮುಂದೆ ತಡ್ಕೊಳ್ಳೋಕಾಗದೇ ಇದ್ರೆ ನಾನೇ ಬಂದು ಮಾತ್ರೆ ಕೇಳ್ತೀನಿ. ಈಗ ಬೇಡ."

ಡಾಕ್ಟರಮ್ಮ ಹಾಳೆ ಓದಿದರು. ಪೂರ್ತಿ ಓದಿದರು. "ನಿದ್ದೆ ವಿಷ್ಯ ನಾನು ಕೇಳ್ಲೇ ಇಲ್ಲ, ಅಲ್ವಾ?" ಆಮೇಲೆ ಫೈಲು ಎಳೆದುಕೊಂಡರು. ಅಮ್ಮ ಮುಂದೆ ಬಾಗಿ, ಅವರು ಬರೆಯುತ್ತಿದ್ದುದನ್ನು ಓದಿದಳು — 'ಚಿಕಿತ್ಸೆ ನಿರಾಕರಿಸಿದ್ದಾರೆ.'

"ಹಾಗೆ ಬರೀಬೇಡಿ ಡಾಕ್ಟ್ರೇ. ಹಟ ಮಾಡಿದ ಹಾಗಿದೆ. ಯೋಚನೆ ಮಾಡಿ ಸದ್ಯಕ್ಕೆ ಬೇಡ ಅಂದಿದ್ದಾರೆ ಅಂತ ಬರೀರಿ."

ಪೆನ್ನು ನಿಂತಿತು. ಡಾಕ್ಟರಮ್ಮ ಒಂದು ಗೆರೆ ಹೊಡೆದು, ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ನಕ್ಕರು ಕೂಡ.

"ಇನ್ನು ಮಂಡಿ ತೋರಿಸಿ."

ಮಾರ್ಚ್ 26, ಬೆಳಿಗ್ಗೆ

ಚಿಕ್ಕಮ್ಮ ಫೋನಿನಲ್ಲಿ ಬೈದಳು, ಅಮ್ಮ ವಾಪಸ್ ಬೈದಳು, ಇಬ್ಬರೂ ಅರ್ಧ ಗಂಟೆ ನಕ್ಕರು. ಮೇಜಿನ ಮೇಲಿದ್ದ ಮಾತ್ರೆ ಡಬ್ಬಿ ಔಷಧಿ ಅಂಗಡಿಗೆ ವಾಪಸ್ಸಾಯಿತು. ಮಂಡಿಗೆ ದಿನಾ ಮಾಡಬೇಕಾದ ವ್ಯಾಯಾಮ ಕೊಟ್ಟಿದ್ದಾರೆ. ಇವತ್ತೇ ಅಮ್ಮನ ಕಳ್ಳಾಟ ಶುರು.

ಬೆಳಗಿನಿಂದ ಎಷ್ಟು ಸಲ ಸೆಕೆ ಬಂತೋ ಗೊತ್ತಿಲ್ಲ. ನೋಡುತ್ತಿರಲಿಲ್ಲ. ಹೊರಗೆ ಹಾರನ್. ಮುಂದಿನ ಸೀಟಿಗೆ ಬಾ ಅನ್ನುತ್ತಿದ್ದಾಳೆ, ನನಗೆ ಇವತ್ತಿನಿಂದ ಕಲಿಸುತ್ತಾಳಂತೆ, ನಾನು ಬರಲ್ಲ ಅಂತ ಕೂಗಿದೆ, ಮತ್ತೆ ಹಾರನ್, ಹೋಗಬೇಕು —